ಗದೆಗೆ ಚಪ್ಪಾಳೆ ಸಾಲದು, ಟಿಕೆಟ್ಟೂ ಬೇಕು

ಮೈಸೂರಿನ ಹಳೇ ಮೊಹಲ್ಲಾಗಳ ಗೋಡೆಗಳನ್ನು ಯಾವತ್ತಾದರೂ ನಿಂತು ನೋಡಿದ್ದೀರಾ? ಹೊಸ ಸಿನಿಮಾ, ಪಿ.ಜಿ. ಖಾಲಿ ಇದೆ, ಕೋಚಿಂಗ್ ಕ್ಲಾಸಿನ ರ‍್ಯಾಂಕ್ ವಿಜೇತರು... ಇವುಗಳ ಮಧ್ಯೆ ಆಗಾಗ ಇನ್ನೊಂದು ಪೋಸ್ಟರ್ ಅಂಟಿರುತ್ತದೆ. ಬರಿ ಎದೆ, ತಲೆಗೆ ಪೇಟ, ಭುಜದ ಮೇಲೆ ಬೆಳ್ಳಿ ಗದೆ. ಹೆಸರಿನ ಹಿಂದೆ ‘ಪೈ’ ಎಂಬ ಒಂದೇ ಅಕ್ಷರ. ಪೈಲ್ವಾನ್ ಎಂಬುದರ ಚುಟುಕು. ನಾವು ನಾಲ್ಕು ವರ್ಷ ಓದಿ, ಬ್ಯಾಕ್‌ಲಾಗ್‌ಗಳನ್ನೆಲ್ಲ ತೀರಿಸಿ ಹೆಸರಿನ ಮುಂದೆ ‘ಬಿ.ಇ.’ ಹಾಕಿಕೊಳ್ಳುತ್ತೇವಲ್ಲ, ಅದೇ ಥರ. ಫೋಟೊ ಕೆಳಗೆ ಕಲಿಸಿದ ಉಸ್ತಾದರ ಹೆಸರು, ಗರಡಿಯ ಹೆಸರು. ಕಾಲೇಜಿನ ಹೆಸರಿಲ್ಲದ ರೆಸ್ಯೂಮೆ ಅಂತಿಟ್ಟುಕೊಳ್ಳಿ.

ಅಂಥದ್ದೊಂದು ಪೋಸ್ಟರ್ ನೋಡಿ ಕಳೆದ ತಿಂಗಳ ಒಂದು ಭಾನುವಾರ ದೊಡ್ಡಕೆರೆ ಮೈದಾನದ ಸಾಹುಕಾರ್ ಚೆನ್ನಯ್ಯ ಕುಸ್ತಿ ಅಖಾಡಕ್ಕೆ ಹೋಗಿದ್ದೆ. ತೀರಿಹೋದ ಉಸ್ತಾದರೊಬ್ಬರ ನೆನಪಿಗೆ ಅವರ ಶಿಷ್ಯರು ಇಟ್ಟುಕೊಂಡಿದ್ದ ನಾಡಕುಸ್ತಿ. ಜೊತೆಗೆ ಹಾಸ್ಟೆಲಿನ ಇಬ್ಬರು. ಇಬ್ಬರೂ ಡಬ್ಲ್ಯುಡಬ್ಲ್ಯುಇ ಭಕ್ತರು. 2023ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಗಚ್ಚಿಬೌಲಿಗೆ ಜಾನ್ ಸೀನಾ ಬಂದಿದ್ದಾಗ ಹೋಗಲಾಗಲಿಲ್ಲವೆಂಬ ಕೊರಗು ಒಬ್ಬನಿಗೆ ಇನ್ನೂ ಇದೆ. ಅಖಾಡದ ಬಾಗಿಲಲ್ಲೇ ಅವನ ಮೊದಲ ಪ್ರಶ್ನೆ: ‘ಮಗಾ, ಇದೂ ಫಿಕ್ಸಾ?’

ಅಲ್ಲ. ಇವತ್ತಿನ ನನ್ನ ತಕರಾರು ಅಲ್ಲಿಂದಲೇ ಶುರು. ಅಮೆರಿಕದ ಆ ರೆಸ್ಲಿಂಗ್‌ನಲ್ಲಿ ಗೆಲ್ಲುವವರು ಯಾರೆಂಬುದು ಮೊದಲೇ ಬರೆದಿರುತ್ತದೆ ಎಂಬುದು ಗುಟ್ಟೇನಲ್ಲ. 1989ರಲ್ಲಿ ಕಂಪನಿಯವರೇ ನ್ಯೂಜೆರ್ಸಿ ರಾಜ್ಯದ ಸೆನೆಟ್ ಮುಂದೆ ‘ನಮ್ಮದು ಸ್ಪರ್ಧೆಯಲ್ಲ, ಮನರಂಜನೆ’ ಎಂದು ಒಪ್ಪಿಕೊಂಡರು. ಕ್ರೀಡೆ ಎಂದರೆ ಕ್ರೀಡಾ ಆಯೋಗದ ನಿಯಮ, ತೆರಿಗೆ ಎಲ್ಲ ಬೀಳುತ್ತಿತ್ತು, ಅದಕ್ಕೆ. ಒಪ್ಪಿಕೊಂಡ ಮೇಲೂ ಅವರ ವ್ಯಾಪಾರ ಬೆಳೆಯಿತೇ ಹೊರತು ಕುಗ್ಗಲಿಲ್ಲ. ನನಗೆ ಅದರ ಮೇಲೆ ಸಿಟ್ಟಿಲ್ಲ. ಹತ್ತಡಿ ಮೇಲಿಂದ ಬೆನ್ನಡಿಯಾಗಿ ಬೀಳುವುದಕ್ಕೆ ಸ್ಕ್ರಿಪ್ಟ್ ಇದ್ದರೂ ಬೆನ್ನು ಅವನದೇ ತಾನೆ. ಆದರೆ ವಿಚಿತ್ರ ನೋಡಿ: ಮೊದಲೇ ತೀರ್ಮಾನವಾದ ಕುಸ್ತಿಗೆ ನಾವು ತಿಂಗಳ ಚಂದಾ ಕಟ್ಟುತ್ತೇವೆ, ಟೀಶರ್ಟ್ ಕೊಳ್ಳುತ್ತೇವೆ. ಯಾರು ಗೆಲ್ಲುತ್ತಾರೆಂದು ಗೆಲ್ಲುವವನಿಗೂ ಗೊತ್ತಿಲ್ಲದ ಕುಸ್ತಿಗೆ ಬಿಟ್ಟಿ ಹೋಗಿ ಕೂರುತ್ತೇವೆ. ಹೋದರೆ.

ಅಲ್ಲಿ ಕಂಡದ್ದನ್ನು ಸ್ವಲ್ಪ ಹೇಳುತ್ತೇನೆ. ಅರಿಶಿನ, ತುಪ್ಪ, ನಿಂಬೆರಸದಂಥವನ್ನು ಬೆರೆಸಿ ಹದ ಮಾಡಿದ ಕೆಮ್ಮಣ್ಣು. ಹತ್ತಿರ ಕೂತರೆ ಮಳೆ ಬಿದ್ದ ನೆಲ ಮತ್ತು ಅಡುಗೆಮನೆ ಎರಡರ ವಾಸನೆಯೂ ಒಟ್ಟಿಗೆ ಬರುತ್ತದೆ. ಮೊದಲು ಚಿಕ್ಕ ಹುಡುಗರ ಜೋಡಿಗಳು, ಆಮೇಲೆ ದೊಡ್ಡವರದು. ಕಣಕ್ಕೆ ಇಳಿಯುವವನು ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ, ಎದುರಾಳಿಯ ಮೈಗೆ ಒಂದು ಹಿಡಿ ಮಣ್ಣು ಎರಚುತ್ತಾನೆ. ಬೆವರಿಗೆ ಹಿಡಿತ ಜಾರಬಾರದಲ್ಲ! ಇಬ್ಬರೂ ತೊಡೆ ತಟ್ಟಿ ಕೈ ಕುಲುಕಿದರೆ ಶುರು. ನಾಡಕುಸ್ತಿಯಲ್ಲಿ ಪಾಯಿಂಟಿನ ಲೆಕ್ಕವಿಲ್ಲ. ಎದುರಾಳಿಯ ಎರಡೂ ಭುಜ ನೆಲಕ್ಕೆ ತಾಗಿಸಿ ಚಿತ್ ಮಾಡಬೇಕು, ಅಷ್ಟೇ. ನಿಗದಿ ಮಾಡಿದ ಹೊತ್ತಿನೊಳಗೆ ಯಾರೂ ಬೀಳದಿದ್ದರೆ ಸಮ.

ಮೂರನೆಯದೋ ನಾಲ್ಕನೆಯದೋ ಜೋಡಿಯಲ್ಲಿ ಒಬ್ಬ ತೆಳ್ಳಗಿನ ಹುಡುಗ ತನಗಿಂತ ಗಟ್ಟಿಯಾಗಿದ್ದವನ ತೋಳನ್ನು ಹಿಡಿದು, ತಟ್ಟನೆ ತಿರುಗಿ, ತನ್ನ ಸೊಂಟವನ್ನು ಅವನ ಸೊಂಟದ ಕೆಳಗೆ ತೂರಿಸಿ ಬೆನ್ನ ಮೇಲಿಂದ ಎತ್ತಿ ಒಗೆದ. ಅಗಸ ಬಟ್ಟೆಯನ್ನು ಕಲ್ಲಿಗೆ ಬಡಿಯುವಂತೆ. ಅದಕ್ಕೇ ಅದರ ಹೆಸರು ದೋಬಿ ಪಟ್ಟು. ಫಸ್ಟ್ ಸೆಮಿಸ್ಟರಿನ ಮೆಕ್ಯಾನಿಕ್ಸ್‌ನಲ್ಲಿ ಸೆಂಟರ್ ಆಫ್ ಗ್ರಾವಿಟಿ, ಲೀವರ್, ಫಲ್‌ಕ್ರಮ್ ಎಂದು ಬೋರ್ಡಿನ ತುಂಬ ಬಾಣಗಳನ್ನು ಬರೆದುಕೊಂಡಿದ್ದೆ. ಎದುರಾಳಿಯ ಭಾರದ ಕೇಂದ್ರಕ್ಕಿಂತ ಕೆಳಗೆ ನಿನ್ನ ಆಧಾರವಿರಲಿ ಎಂಬ ಅಷ್ಟೂ ಪಾಠ ಒಂದು ಸೆಕೆಂಡಿನಲ್ಲಿ ಮುಗಿಯಿತು. ಜನ ಎದ್ದು ನಿಂತು ಕೂಗಿದರು. ಯಾರೋ ಹಿರಿಯರು ಕಣದೊಳಗೆ ಬಂದು ಹುಡುಗನ ಕೈಗೆ ನೂರರ ನೋಟು ತುರುಕಿದರು. ನನ್ನ ಪಕ್ಕದ ಫಿಕ್ಸ್ ಪ್ರಶ್ನೆಯವನು ಫೋನ್ ಜೇಬಿಗೆ ಇಟ್ಟ. ಹಾಸ್ಟೆಲಿನಲ್ಲಿ ಅದನ್ನು ನಾನು ನೋಡಿದ್ದೇ ಇಲ್ಲ.

ಮುಗಿದ ಮೇಲೆ ಆ ತೆಳ್ಳಗಿನ ಹುಡುಗನನ್ನು ಮಾತಾಡಿಸಿದೆವು. ನನಗಿಂತ ಒಂದು ವರ್ಷ ದೊಡ್ಡವನು. ಬೆಳಿಗ್ಗೆ ಐದಕ್ಕೆ ಗರಡಿ; ದಂಡೆ, ಬಸ್ಕಿ, ಮಣ್ಣು ಅಗೆಯುವುದು, ಆಮೇಲೆ ಹಿಡಿತದ ಅಭ್ಯಾಸ. ಹತ್ತಕ್ಕೆ ಮೊಬೈಲ್ ಅಂಗಡಿಯಲ್ಲಿ ಕೆಲಸ. ಸಂಜೆ ಮತ್ತೆ ಗರಡಿ. ಹಾಲು, ಬಾದಾಮಿ, ಮೊಟ್ಟೆ, ಮಾಂಸಕ್ಕೆ ಸಂಬಳದ ಅರ್ಧಕ್ಕಿಂತ ಹೆಚ್ಚು ಹೋಗುತ್ತದಂತೆ. ಅಂದು ಗೆದ್ದದ್ದೆಷ್ಟು ಎಂದು ಕೇಳಿದ್ದಕ್ಕೆ ನಕ್ಕು, ‘ಒಂದು ವಾರದ ಹಾಲಿಗೆ ಆಗ್ತದೆ’ ಎಂದ. ಬನ್ನೂರು, ತಿ. ನರಸೀಪುರ, ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಜಾತ್ರೆ-ಹಬ್ಬಕ್ಕೆ ಎಲ್ಲಿ ಕುಸ್ತಿ ಇಟ್ಟರೂ ಬಸ್ಸು ಹತ್ತುತ್ತಾನೆ. ಕಿವಿಯ ಅಂಚು ತಿಕ್ಕಿ ತಿಕ್ಕಿ ಹೂಕೋಸಿನಂತೆ ಗಂಟು ಕಟ್ಟಿದೆ.

ಅಮೆರಿಕ, ಬ್ರಿಟನ್, ಜಪಾನುಗಳಲ್ಲಿ ದೊಡ್ಡ ಕಂಪನಿಗಳ ಹೊರಗೆ ಸಣ್ಣ ಹಾಲ್‌ಗಳಲ್ಲಿ ‘ಇಂಡಿಪೆಂಡೆಂಟ್’ ರೆಸ್ಲಿಂಗ್ ನಡೆಯುತ್ತದೆ. ಅಲ್ಲಿಯ ಹುಡುಗರ ಬದುಕೂ ಹೆಚ್ಚುಕಮ್ಮಿ ಇದೇ. ವಾರವೆಲ್ಲ ಬೇರೆ ಕೆಲಸ, ವಾರಾಂತ್ಯಕ್ಕೆ ಊರೂರು. ಒಂದೇ ವ್ಯತ್ಯಾಸ, ಅಲ್ಲಿ ಬಾಗಿಲಲ್ಲಿ ಟಿಕೆಟ್ ಹರಿಯುತ್ತಾರೆ. ಭಾರತದಲ್ಲೂ ಗ್ರೇಟ್ ಖಲಿ ಜಲಂಧರ್‌ನಲ್ಲಿ ಅಂಥದ್ದೊಂದು ಶಾಲೆ ತೆರೆದಿದ್ದಾರೆ. ನಮ್ಮೂರಿನ ಹತ್ತು ಜನರ ಗರಡಿ, ಭೂತಪ್ಪನ ಗರಡಿಗಳು ಖಲಿ ಹುಟ್ಟುವ ಮೊದಲಿನಿಂದಲೂ ಅದನ್ನೇ ಮಾಡುತ್ತಿವೆ. ಆದರೆ ನಾವು ಅವನ್ನು ‘ಪರಂಪರೆ’ ಎನ್ನುತ್ತೇವೆ. ಈ ಪದದ ಮೇಲೆ ನನಗೆ ಗುಮಾನಿ. ಯಾರದ್ದಾದರೂ ದುಡಿಮೆಯನ್ನು ಪರಂಪರೆ ಎಂದು ಕರೆದುಬಿಟ್ಟರೆ, ಕೂಲಿ ಕೊಡುವ ಕೆಲಸ ತಪ್ಪುತ್ತದೆ. ಶಾಲು ಹೊದಿಸಿದರೆ ಮುಗಿಯಿತು.

ಶಾಲಿನ ವಿಷಯ ಬಂತು. ಅವತ್ತು ಕುಸ್ತಿ ನಡೆದದ್ದಕ್ಕಿಂತ ಸನ್ಮಾನ ನಡೆದದ್ದೇ ಹೆಚ್ಚು ಹೊತ್ತು ಅನ್ನಿಸಿತು. ಒಳ್ಳೇ ಜೋಡಿ ಕಣಕ್ಕೆ ಇಳಿದು ಮೈ ಬಿಸಿಯಾಗುವ ಹೊತ್ತಿಗೆ ಗಣ್ಯರೊಬ್ಬರು ಬಂದರೆಂದು ತಡೆದು, ಹಾರ-ತುರಾಯಿ, ಫೋಟೊ. ಮೈಕಿನಲ್ಲಿ ದಾನಿಗಳ ಹೆಸರು ಮೂರು ಸಲ ಕೇಳಿಸಿತು, ಆಡುವವರ ಹೆಸರು ಒಂದು ಸಲ, ಅದೂ ಅರ್ಧ. ಇವರಿಬ್ಬರೂ ಹಿಂದೆ ಸೆಣಸಿದ್ದರೇ? ಯಾರು ಸೋತಿದ್ದರು? ಯಾವ ಪಟ್ಟಿನಲ್ಲಿ? ಗೊತ್ತಿದ್ದ ಮುದುಕರು ನಮ್ಮ ಹಿಂದಿನ ಸಾಲಿನಲ್ಲಿ ಕೂತು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ಮೈಕು ಅವರ ಕೈಗೆ ಸಿಕ್ಕಬೇಕಿತ್ತು. ಟಿ.ವಿ. ರೆಸ್ಲಿಂಗಿನಿಂದ ನಾವು ಕದಿಯಬೇಕಾದ್ದು ಸ್ಕ್ರಿಪ್ಟನ್ನಲ್ಲ, ಕಥೆ ಹೇಳುವುದನ್ನು.

ಕಥೆಗೆ ಮೈಸೂರಿನಲ್ಲಿ ಬರವೇ? 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರ ಬಗ್ಗೆ ಒಂದು ಐತಿಹ್ಯವಿದೆ. ತಿರುಚಿನಾಪಳ್ಳಿಯ ಪೈಲ್ವಾನನೊಬ್ಬ ಸೋಲಿಲ್ಲದ ಸೊಕ್ಕಿನಲ್ಲಿ ತನ್ನ ಚಲ್ಲಣವನ್ನು ಊರ ಬಾಗಿಲಿಗೆ ಕಟ್ಟಿಸಿದ್ದನಂತೆ. ಒಳಗೆ ಹೋಗುವವರೆಲ್ಲ ಅದರ ಕೆಳಗೆ ತಲೆ ಬಗ್ಗಿಸಿ ಹೋಗಬೇಕು. ಒಡೆಯರು ಮಾರುವೇಷದಲ್ಲಿ ಹೋಗಿ ಅವನನ್ನು ಕೆಡವಿ, ಹೆಸರು ಹೇಳದೆ ರಾತ್ರೋರಾತ್ರಿ ಮರಳಿದರಂತೆ. ಮುಸುಕುಧಾರಿ ಚಾಲೆಂಜರ್, ಸೊಕ್ಕಿನ ಚಾಂಪಿಯನ್, ಅವಮಾನ, ಸೇಡು. ಡಬ್ಲ್ಯುಡಬ್ಲ್ಯುಇಯ ಕಥೆ ಬರೆಯುವವರು ಇದಕ್ಕಿಂತ ಹೆಚ್ಚೇನು ಬರೆಯುತ್ತಾರೆ? ದಸರೆಯಲ್ಲಿ ಕೊಡುವ ‘ದಸರಾ ಕಂಠೀರವ’ ಬಿರುದಿನ ಹಿಂದೆ ಇಂಥ ಕಥೆಯಿದೆ ಎಂದು ಪಕ್ಕದ ಗೆಳೆಯನಿಗೆ ಹೇಳಿದರೆ ಅವನು ನಂಬಲಿಲ್ಲ.

ಇನ್ನೊಂದು ಚೆಂದದ ಸಂಗತಿ ಜೋಡಿ ಕಟ್ಟುವುದು. ದಸರಾ ಕುಸ್ತಿಗೆ ಕೆಲವು ದಿನ ಮೊದಲು ಪೈಲ್ವಾನರೆಲ್ಲ ಸೇರುತ್ತಾರೆ. ಹಿರಿಯರ ಎದುರು ಇಬ್ಬರನ್ನು ನಿಲ್ಲಿಸಿ ಮೈಕಟ್ಟು, ತೂಕ, ಅನುಭವ ನೋಡುತ್ತಾರೆ. ಇವರಿಗೆ ಇವರು ಸಮ ಎನ್ನಿಸಿದರೆ ಕೈ ಕೂಡಿಸುತ್ತಾರೆ. ಹುಡುಗನೋ ಉಸ್ತಾದರೋ ಒಪ್ಪದಿದ್ದರೆ ಜೋಡಿ ಇಲ್ಲ. ಒಂದೇ ಹುದ್ದೆಗೆ ಸಾವಿರಾರು ಜನ ಒಂದೇ ಆನ್‌ಲೈನ್ ಟೆಸ್ಟ್ ಬರೆದು, ಯಾರಿಗೆ ಯಾಕೆ ಸೋತೆವೆಂದೇ ತಿಳಿಯದ ನಮಗೆ ಈ ಕ್ರಮ ಕಂಡರೆ ಹೊಟ್ಟೆಕಿಚ್ಚಾಗುತ್ತದೆ. ಇಲ್ಲಿ ಸೋತವನಿಗೆ ತನ್ನ ಬೆನ್ನ ಮೇಲಿನ ಮಣ್ಣೇ ಫಲಿತಾಂಶ, ಅದನ್ನು ಎದುರಾಳಿಯೇ ಕೈಯಾರೆ ಒರೆಸುತ್ತಾನೆ.

ಟಿಕೆಟ್ ಇಟ್ಟರೆ ಬಡವರು, ಊರಿನವರು ಬರುವುದು ನಿಲ್ಲುತ್ತದೆ ಎನ್ನುವವರಿದ್ದಾರೆ. ಅಖಾಡದ ಹಿರಿಯರೊಬ್ಬರೂ ಅದನ್ನೇ ಹೇಳಿದರು. ನನಗೆ ಹಾಗನ್ನಿಸುವುದಿಲ್ಲ. ಮಕ್ಕಳಿಗೆ, ಹಿರಿಯರಿಗೆ ಬಿಟ್ಟಿ ಬಿಡಿ. ನಮ್ಮಂಥ ಕಾಲೇಜು ಹುಡುಗರ ಹತ್ತಿರ 50 ರೂಪಾಯಿ ತಗೊಳ್ಳಿ. ಮಲ್ಟಿಪ್ಲೆಕ್ಸಿನಲ್ಲಿ ಪಾಪ್‌ಕಾರ್ನಿಗೆ ಕೊಡುವುದಕ್ಕಿಂತ ಕಮ್ಮಿ. ಇವತ್ತು ದಾನಿಯ ಮರ್ಜಿ ಮೇಲೆ ನಿಂತಿರುವ ಬಹುಮಾನ, ನಾಳೆ ಗೇಟಿನ ಲೆಕ್ಕದ ಮೇಲೆ ನಿಂತರೆ ಸೋತವನಿಗೂ ಪಾಲು ಕೇಳುವ ಹಕ್ಕು ಬರುತ್ತದೆ. ದಾನಕ್ಕೆ ಕೈ ಮುಗಿಯಬೇಕು, ಟಿಕೆಟ್ಟಿನ ದುಡ್ಡಿಗೆ ಮುಗಿಯಬೇಕಿಲ್ಲ.

ಮಣ್ಣಿನ ಕುಸ್ತಿಯ ಕಾಲ ಮುಗಿಯಿತು, ಮ್ಯಾಟ್‌ಗೆ ಹೋಗಲಿ ಎಂಬ ವಾದಕ್ಕೆ ಹೆಚ್ಚು ತೂಕವಿದೆ. ಒಲಿಂಪಿಕ್ಸ್ ಇರುವುದು ಮ್ಯಾಟ್ ಮೇಲೆ. ಸರ್ಕಾರಿ ಕೆಲಸದ ಕ್ರೀಡಾ ಕೋಟಾದ ಅರ್ಜಿ ಕೇಳುವುದು ಮಾನ್ಯತೆ ಪಡೆದ ಟೂರ್ನಿಯ ಪ್ರಮಾಣಪತ್ರವನ್ನು. ಊರ ಜಾತ್ರೆಯಲ್ಲಿ ಗೆದ್ದ ಗದೆಗೆ ಅಲ್ಲಿ ಕಾಲಂ ಇಲ್ಲ. ಮೊಬೈಲ್ ಅಂಗಡಿಯ ಹುಡುಗನೂ ಈಗ ಮ್ಯಾಟ್ ಅಭ್ಯಾಸಕ್ಕೆ ವಾರಕ್ಕೆರಡು ದಿನ ಹೋಗುತ್ತಿದ್ದಾನೆ, ಪೊಲೀಸ್ ಕೆಲಸದ ಆಸೆಗೆ. ಆದರೆ ಮಣ್ಣನ್ನು ಬಿಟ್ಟೇ ಮ್ಯಾಟ್‌ಗೆ ಹೋಗಬೇಕೆಂದೇನಿಲ್ಲ. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದ ಕೆ.ಡಿ. ಜಾಧವ್ ಮಣ್ಣಿನಲ್ಲೇ ಬೆಳೆದವರು. 1948ರ ಲಂಡನ್‌ನಲ್ಲಿ ಮ್ಯಾಟ್ ಹೊಸದು, ಆರನೇ ಸ್ಥಾನ. 1952ರ ಹೆಲ್ಸಿಂಕಿಯಲ್ಲಿ ಕಂಚು.

ಪಕ್ಕದ ಮಹಾರಾಷ್ಟ್ರವನ್ನೇ ನೋಡಿ. 1961ರಿಂದ ನಡೆದು ಬಂದಿರುವ ‘ಮಹಾರಾಷ್ಟ್ರ ಕೇಸರಿ’ಯಲ್ಲಿ ಮಣ್ಣಿನ ವಿಭಾಗ, ಮ್ಯಾಟ್ ವಿಭಾಗ ಎರಡೂ ಇವೆ. ಎರಡರ ವಿಜೇತರು ಫೈನಲ್‌ನಲ್ಲಿ ಎದುರುಬದುರು. ಸತತ ಮೂರು ಸಲ ಗೆದ್ದ ವಿಜಯ್ ಚೌಧರಿ ಅವರಿಗೆ ಅಲ್ಲಿನ ಸರ್ಕಾರ ಡಿವೈಎಸ್‌ಪಿ ಹುದ್ದೆ ಕೊಟ್ಟಿತು. ನಮ್ಮಲ್ಲಿ ದಸರಾ ಕೇಸರಿ, ದಸರಾ ಕಂಠೀರವ, ದಸರಾ ಕಿಶೋರ, ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ, ಇಷ್ಟು ಬಿರುದುಗಳಿವೆ. ಇವನ್ನು ಗೆದ್ದವರ ಪ್ರಮಾಣಪತ್ರಕ್ಕೆ ನೇಮಕಾತಿಯಲ್ಲಿ ಎಷ್ಟು ಅಂಕ ಎಂದು ಸರ್ಕಾರ ಸ್ಪಷ್ಟವಾಗಿ ಬರೆದು ಹೇಳಲಿ. ಗದೆ ಬೆಳ್ಳಿಯದೋ ಹಿತ್ತಾಳೆಯದೋ ಆಮೇಲೆ ನೋಡಿದರಾಯಿತು.

ಸರ್ಕಾರ ಮಾಡುವವರೆಗೆ ಕಾಯುತ್ತ ಕೂರಲು ನನಗಿನ್ನು ಉಳಿದಿರುವುದು ಮೂರು ಸೆಮಿಸ್ಟರ್. ಹಾಗಾಗಿ ನಮ್ಮ ಕಾಲೇಜು ಫೆಸ್ಟಿನ ಕಮಿಟಿಗೆ ಒಂದು ಹಾಳೆ ಬರೆದು ಕೊಟ್ಟಿದ್ದೇನೆ: ಎರಡು ಟ್ರಾಕ್ಟರ್ ಕೆಮ್ಮಣ್ಣು, ಐದು ಜೋಡಿ, ಮೈಕಿನಲ್ಲಿ ಒಬ್ಬ ಹಳೇ ಪೈಲ್ವಾನರು, ಟಿಕೆಟ್ 50 ರೂಪಾಯಿ, ಬಂದ ದುಡ್ಡು ಪೂರ್ತಿ ಆಡಿದ ಹತ್ತೂ ಜನಕ್ಕೆ. ಡಿಜೆಗೆ ಕೊಡುವ ದುಡ್ಡಿನ ಕಾಲುಭಾಗದಲ್ಲಿ ಏರ್ಪಾಡು ಮುಗಿಯುತ್ತದೆ. ಇಲ್ಲಿಯವರೆಗೆ ಬಂದಿರುವ ಆಕ್ಷೇಪ ಒಂದೇ, ಮಣ್ಣನ್ನು ಎಲ್ಲಿ ಸುರಿಯುವುದು ಎಂದು. ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಪಕ್ಕದಲ್ಲಿ ಜಾಗ ಅಳೆದು, ಡ್ರಾಯಿಂಗ್ ಮಾಡಿ ಕೊಟ್ಟಿದ್ದೇನೆ.