ಊರಿಗೊಂದು ಮುಖ

ಲಾಂಛನ, ಭಿತ್ತಿಪತ್ರ, ಮುಖಪುಟ ಮೊದಲಾದುವನ್ನು ರಚಿಸುವ ನಮ್ಮ ತರುಣ ಕಲಾವಿದರಲ್ಲಿ ಅನೇಕರು ಇಂದು ಜಪಾನಿನ ಕಡೆಗೆ ಆಸೆಗಣ್ಣಿನಿಂದ ನೋಡುತ್ತಿರುವರು. ಅದು ಸಹಜವೇ. ಆ ದೇಶದಲ್ಲಿ ಪ್ರಾಂತ್ಯಕ್ಕೊಂದು, ಪಟ್ಟಣಕ್ಕೊಂದು ಎಂಬಂತೆ ಗೊಂಬೆರೂಪದ ಪ್ರತಿನಿಧಿಗಳಿದ್ದು, ಪ್ರವಾಸಿಯನ್ನು ಊರಿನ ಪರವಾಗಿ ಅವೇ ಎದುರುಗೊಳ್ಳುತ್ತವೆ. ಹಿಕೊನೆಯ ಕೋಟೆಗೆ 400 ವರ್ಷ ತುಂಬಿದ 2007ರ ಉತ್ಸವಕ್ಕೆಂದು ರೂಪುಗೊಂಡ ಹಿಕೊನ್ಯಾನ್ ಎಂಬ ಬಿಳಿಯ ಬೆಕ್ಕು, ಆ ಕೋಟೆಯನ್ನಾಳಿದ ಇಯಿ ಮನೆತನದ ಕೆಂಪು ಶಿರಸ್ತ್ರಾಣವನ್ನು ಧರಿಸಿದೆ. ಆ ಮನೆತನದ ಪ್ರಭುವೊಬ್ಬನನ್ನು ಬೆಕ್ಕೊಂದು ಕೈಬೀಸಿ ಕರೆದು ಸಿಡಿಲಿನಿಂದ ಉಳಿಸಿತೆಂಬ ಐತಿಹ್ಯವೂ ಅದರ ರೂಪದಲ್ಲಿ ಅಂತರ್ಗತವಾಗಿದೆ. 2011ರಲ್ಲಿ ಕ್ಯೂಶೂ ದ್ವೀಪದ ಶಿಂಕಾನ್‌ಸೆನ್ ರೈಲುಮಾರ್ಗವು ಪೂರ್ಣಗೊಳ್ಳುವ ಸಂದರ್ಭಕ್ಕಾಗಿ ವಿನ್ಯಾಸಕಾರ ಮಿಜುನೊ ಮನಬು ಅವರು ರಚಿಸಿದ ಕುಮಮೊನ್ ಎಂಬ ಕಪ್ಪು ಕರಡಿಯನ್ನಾದರೋ, ಕುಮಮೊತೊ ಪ್ರಾಂತ್ಯವು ಅನುಮತಿ ಪಡೆದವರಿಗೆಲ್ಲ ಶುಲ್ಕವಿಲ್ಲದೆ ಬಳಸಲು ಬಿಟ್ಟುಕೊಟ್ಟಿತು; ಆದುದರಿಂದಲೇ ಅದು ಸರಕಾರಿ ಕಡತದಲ್ಲಿ ಉಳಿಯದೆ ತಿಂಡಿಯ ಪೊಟ್ಟಣಗಳನ್ನೇರಿ ಮನೆಮನೆಯನ್ನು ಸೇರಿತು.

ಊರಿನ ಚರಿತ್ರೆಯಿಂದ ರೂಪವನ್ನು ಪಡೆಯುವುದು, ಪಡೆದ ರೂಪವನ್ನು ಊರಿನವರ ಕೈಗೇ ಒಪ್ಪಿಸುವುದು, ಈ ಎರಡು ಪಾಠಗಳನ್ನು ನಾವು ಅಲ್ಲಿಂದ ಕೃತಜ್ಞತೆಯಿಂದ ಸ್ವೀಕರಿಸಬಹುದು. ಅವರ ದುಂಡುಮುಖವನ್ನೂ ಗುಂಡುಗಣ್ಣನ್ನೂ ನಕಲುಮಾಡುವ ಅಗತ್ಯವಂತೂ ನಮಗಿಲ್ಲ. ಬಿದಿರಿನ ತಡಿಕೆಯ ಒಡಲಿಗೆ ಬಣ್ಣದ ಮೊಗವನ್ನಿಟ್ಟು, ಒಳಹೊಕ್ಕ ಮನುಷ್ಯನೇ ಹೊತ್ತು ಕುಣಿಸುವ ಗಾರುಡಿ ಗೊಂಬೆಯು ನಮ್ಮ ಜಾತ್ರೆಗಳಲ್ಲಿಯೂ ದಸರಾ ಮೆರವಣಿಗೆಯಲ್ಲಿಯೂ ಜನರನ್ನು ರಂಜಿಸುತ್ತಲೇ ಬಂದಿದೆ. ಮೈಸೂರಿನಲ್ಲಿ ಜನಿಸಿದ ಆರ್. ಕೆ. ಲಕ್ಷ್ಮಣರು 1954ರಲ್ಲಿ ಏಷಿಯನ್ ಪೇಂಟ್ಸ್ ಸಂಸ್ಥೆಗಾಗಿ ಬರೆದ, ಬಣ್ಣದ ಡಬ್ಬಿ ಹಿಡಿದ ತುಂಟ ಹುಡುಗ ಗಟ್ಟು, ದಶಕಗಳ ಕಾಲ ದೇಶಕ್ಕೆಲ್ಲ ಪರಿಚಿತನಾಗಿದ್ದನು. ವಾಣಿಜ್ಯಕ್ಕೆ ಒದಗಿದ ಈ ವಿದ್ಯೆಯು ಊರುಗಳಿಗೂ ಒದಗಬೇಕೆಂಬುದೇ ನಮ್ಮ ಹಂಬಲ.

ದೇವನಹಳ್ಳಿ ತಾಲ್ಲೂಕಿನ ನಲ್ಲೂರನ್ನೇ ನೋಡಿರಿ. 50 ಎಕರೆಗೂ ಮಿಕ್ಕ ವಿಸ್ತಾರದಲ್ಲಿ ಸುಮಾರು 300 ವೃದ್ಧವೃಕ್ಷಗಳನ್ನು ಹೊತ್ತ ಇಲ್ಲಿನ ಹುಣಸೆ ತೋಪು, 2007ರಲ್ಲಿ ಭಾರತದ ಮೊತ್ತಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಪೊಳ್ಳಾದ ಬೊಡ್ಡೆ, ಹುರಿಗೊಂಡ ಕಾಂಡ, ಮರದಿಂದ ಮರಕ್ಕೆ ಭಿನ್ನವಾಗುವ ಕಾಯಿಯ ಆಕಾರ, ಶಿಥಿಲವಾದ ಚೆನ್ನಕೇಶವ ದೇವಾಲಯ, ಚೋಳರ ಕಾಲದ್ದೆಂಬ ಜನಪ್ರತೀತಿ, ಇಷ್ಟೆಲ್ಲ ಸಾಮಗ್ರಿ ಒಂದೆಡೆ ನೆರೆದಿರಲು, ರೇಖೆಗಾಗಿ ಪರದೇಶವನ್ನು ಅರಸುವ ಕಲಾವಿದನು ಮೊದಲು ಈ ತೋಪಿನಲ್ಲಿ ಒಂದು ಹಗಲು ಕುಳಿತು, ಬಾಗಿದ ಹುಣಸೆಕಾಯಿಯ ಗೆಣ್ಣುಗೆಣ್ಣಾದ ಅಂಚನ್ನು ಕಣ್ಣಾರೆ ಕಂಡು ಬರೆಯಲಿ. ಚಿತ್ರಗಳಲ್ಲಿಯೂ ಪುಸ್ತಕಗಳಲ್ಲಿಯೂ ನೋಡಿದುದು ಕೈಗೆ ಅಭ್ಯಾಸವನ್ನಷ್ಟೇ ಕೊಟ್ಟೀತು. ಇಂತಹುದು ಬೇರೆಲ್ಲಿಯೂ ಇಲ್ಲವೆಂಬ ಅರಿವು ಬರುವುದು ನಡೆದು ನೋಡಿದವನಿಗೆ, ಹಣ್ಣು ಉದುರಿಸುವವರೊಡನೆ ಮಾತನಾಡಿದವನಿಗೆ.

ಹಾಗೆ ಹುಟ್ಟಿದ ರೂಪವು ಊರಿನ ಶಾಲೆಯ ಗೋಡೆಗೂ, ಅಲ್ಲಿಯ ಹೆಂಗಸರು ಮಾರುವ ಹುಣಸೆಹಣ್ಣಿನ ಪೊಟ್ಟಣಕ್ಕೂ ಯಾವ ಶುಲ್ಕವೂ ಇಲ್ಲದೆ ದೊರೆಯಬೇಕು. ತೋಪು ತಮ್ಮದೆಂಬ ಅಭಿಮಾನವು ಮಕ್ಕಳಲ್ಲಿ ಬೇರೂರಿದರೆ, ಮರಗಳ ರಕ್ಷಣೆಗೆ ಕಾಯಿದೆಯ ಜೊತೆಗೆ ಜನಬಲವೂ ಕೂಡಿದಂತಾಗುವುದು. ಇಂತಹ ಪ್ರಯತ್ನಕ್ಕೆ ತೊಡಗುವ ಕಲಾವಿದರು ತಮ್ಮ ಚಿತ್ರಗಳನ್ನು ಕಳುಹಿಸಲಿ. ಅವುಗಳಿಗಾಗಿ ನಮ್ಮ ಪತ್ರಿಕೆಯ ಪುಟಗಳನ್ನು ಸಂತೋಷದಿಂದ ಮೀಸಲಿಡುವೆವು.

– ಸಂಪಾದಕ