ಆಯುಧದ ಕಾಲನಿರ್ಣಯ ಮತ್ತು ಹೆಸರಿನ ಮೋಹ

ಕಾಲಸೂಚನೆಯಿಲ್ಲದ ಓಲೆಗರಿಯ ಪ್ರತಿ ದೊರೆತಾಗ ಸಂಪಾದಕನು ಅದರ ಲಿಪಿ, ಭಾಷೆ, ಪಾಠಾಂತರಗಳನ್ನು ಪರಿಶೀಲಿಸುತ್ತಾನೆ. ಪ್ರಸಿದ್ಧ ಕವಿಯ ಹೆಸರಿದೆ ಎಂಬಷ್ಟರಿಂದಲೇ ನಿರ್ಣಯಕ್ಕೆ ಬರುವುದಿಲ್ಲ. ಹದಿನೆಂಟನೆಯ ಶತಮಾನದ ಮೈಸೂರಿನ ಆಯುಧಗಳ ವಿಷಯದಲ್ಲಿ ಈ ಎಚ್ಚರ ಸಾಲದಾಗಿದೆ. ಕತ್ತಿಯಾಗಲಿ ಕೋವಿಯಾಗಲಿ ಮದ್ದಿನ ಬಾಣವಾಗಲಿ, 'ಟಿಪ್ಪುವಿನ ಕಾಲದ್ದು' ಎಂಬ ಒಂದೇ ಚೀಟಿ ಎಲ್ಲಕ್ಕೂ ಅಂಟುತ್ತದೆ. ಹೆಸರಿಗೆ ಬೆಲೆಯೂ ಉಂಟು. 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಶಯನಾಗಾರದ ಖಡ್ಗವು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು.

ಗೌನಿಪಲ್ಲಿಯಿಂದ ಬೂದಿಕೋಟೆಯವರೆಗಿನ ಕೋಲಾರ ಸೀಮೆಗೆ ಈ ಪ್ರಶ್ನೆ ದೂರದ್ದಲ್ಲ. ಹೈದರಾಲಿ ಹುಟ್ಟಿದ್ದು ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದನ ಗೋರಿ ಇರುವುದು ಕೋಲಾರದಲ್ಲಿ. ಫತೇ ಮಹಮ್ಮದನು ಆರ್ಕಾಟಿನ ನವಾಬನ ಬಳಿ ಐವತ್ತು ಮಂದಿ ಬಾಣಗಾರರ ನಾಯಕನಾಗಿದ್ದನೆಂದು ಚರಿತ್ರಕಾರರು ಹೇಳುತ್ತಾರೆ. ಬ್ರಿಟಿಷ್ ಪಡೆಯನ್ನು ಕಂಗೆಡಿಸಿದ ಪೊಳ್ಳಿಲೂರು ಯುದ್ಧ ನಡೆದ 1780ರಲ್ಲಿಯೂ ಅಧಿಕಾರದಲ್ಲಿದ್ದವನು ಹೈದರನೇ. ಎಂದರೆ ಮೈಸೂರಿನ ಬಾಣಕ್ಕೆ ಟಿಪ್ಪುವಿಗಿಂತ ಹಿಂದಿನ ಎರಡು ತಲೆಮಾರುಗಳ ಇತಿಹಾಸವಿದೆ. ಬಾಣಬಿರುಸು ಎಂಬ ನಮ್ಮ ಮಾತಿನಲ್ಲಿ ಇಂದಿಗೂ ಉಳಿದಿರುವ ಬಾಣ ಈ ಮದ್ದಿನ ಬಾಣವೇ.

ತೇದಿ ಕೆತ್ತಿದ ಆಯುಧಗಳಲ್ಲಿಯೂ ಓದುಗನು ಎಡವಬಹುದು. ಟಿಪ್ಪು ಮೊದಲು ಹಿಜರಿ ಶಕವನ್ನು ಬಳಸಿ, 1787ರ ಸುಮಾರಿಗೆ ಮೌಲೂದಿ ಶಕಕ್ಕೆ ಬದಲಾಯಿಸಿದನು. ನಮ್ಮ ಪ್ರಭವಾದಿ ಅರವತ್ತು ಸಂವತ್ಸರಗಳ ಚಕ್ರವನ್ನೇ ಅನುಸರಿಸಿ, ವರ್ಷಗಳಿಗೆ ಬೇರೆ ಹೆಸರುಗಳನ್ನಿಟ್ಟನು. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದನು. ಮೌಲೂದಿ 1221 ಎಂದರೆ ಸುಮಾರು ಕ್ರಿ.ಶ. 1793. ಈ ಅಂಕಿಯನ್ನು ಯಾವ ಕಡೆಯಿಂದ ಓದಿದರೂ 1221 ಆಗುವುದರಿಂದ ಸಂಶಯವೇ ಏಳುವುದಿಲ್ಲ. ಅದನ್ನು ಹಿಜರಿಯೆಂದು ಭಾವಿಸಿದರೆ 1806 ಬರುತ್ತದೆ; ಟಿಪ್ಪು ಮಡಿದದ್ದು 1799ರಲ್ಲಿ! ನಾಟಕ, ಸ್ತಬ್ಧಚಿತ್ರಗಳಿಗೆ ಪ್ರತಿಕೃತಿ ಮಾಡುವವರಿಗೂ ಇದು ಮುಖ್ಯ. ಮೌಲೂದಿ ವರ್ಷ ಕೆತ್ತಿದ ಕೋವಿ ಪೊಳ್ಳಿಲೂರಿನ ದೃಶ್ಯಕ್ಕೆ ಸಲ್ಲದು.

ಬರಹವಿಲ್ಲದ ಬಾಣಗಳ ಸಮಸ್ಯೆ ಇನ್ನೂ ಜಟಿಲ. ಹೊಸನಗರ ತಾಲ್ಲೂಕಿನ ನಗರದಲ್ಲಿ, ಎಂದರೆ ಹಿಂದಿನ ಬಿದನೂರಿನಲ್ಲಿ, 2018ರಲ್ಲಿ ಪಾಳುಬಾವಿಯೊಂದರಿಂದ 1000ಕ್ಕೂ ಹೆಚ್ಚು ಕಬ್ಬಿಣದ ಬಾಣದ ಕೊಳವೆಗಳು ಹೊರಬಂದವು. ಹೈದರನು ಬಿದನೂರನ್ನು ಗೆದ್ದದ್ದು 1763ರಲ್ಲಿ. 1783ರಲ್ಲಿ ಬ್ರಿಟಿಷರು ಅದನ್ನು ಹಿಡಿದರು, ಕೆಲವೇ ತಿಂಗಳಲ್ಲಿ ಟಿಪ್ಪು ಮರಳಿ ಪಡೆದನು. ಹೀಗೆ ಮೂವತ್ತಾರು ವರ್ಷಗಳ ಅವಧಿಯಲ್ಲಿ ಇವು ಯಾವಾಗ ತಯಾರಾದವು, ಯಾವಾಗ ಬಾವಿಗೆ ಬಿದ್ದವು ಎಂಬ ಎರಡು ಪ್ರಶ್ನೆಗಳು ಬೇರೆಬೇರೆಯಾಗಿ ನಿಲ್ಲುತ್ತವೆ. 'ಟಿಪ್ಪುವಿನ ಬಾಣಗಳು' ಎಂದು ಕರೆದರೆ ಎರಡಕ್ಕೂ ಉತ್ತರ ಸಿಕ್ಕಂತಾಗುವುದಿಲ್ಲ.

ಉತ್ತರದ ಸುಳಿವು ಅಳತೆಯ ಭೇದಗಳಲ್ಲಿದೆ. ಇಂಗ್ಲೆಂಡಿನ ವೂಲಿಚ್ ಸಂಗ್ರಹದಲ್ಲಿದ್ದ ಎರಡು ಮೈಸೂರು ಬಾಣಗಳಲ್ಲಿ ಒಂದರ ಕೊಳವೆ 58 ಮಿ.ಮೀ. ವ್ಯಾಸ, 254 ಮಿ.ಮೀ. ಉದ್ದವಿದ್ದು ಕತ್ತಿಯ ಅಲಗಿಗೆ ಕಟ್ಟಲ್ಪಟ್ಟಿತ್ತು. ಇನ್ನೊಂದು 37 ಮಿ.ಮೀ. ವ್ಯಾಸ, 198 ಮಿ.ಮೀ. ಉದ್ದವಿದ್ದು ಬಿದಿರಿನ ಕೋಲಿಗೆ. ಈ ಭೇದ ಕಾಲದ್ದೋ, ಕಮ್ಮಟದ್ದೋ, ಬಳಕೆಯದೋ? ಎರಡೇ ಮಾದರಿಗಳಿಂದ ತೀರ್ಮಾನಿಸಲಾಗದು, ಸಾವಿರದಿಂದ ಯತ್ನಿಸಬಹುದು. ಪಾಠಾಂತರಗಳಂತೆ ಇವನ್ನೂ ಗುಂಪು ಮಾಡಿ ಹೋಲಿಸಬೇಕು. ಅದಕ್ಕಾಗಿ ಪ್ರತಿಯೊಂದು ಕೊಳವೆಯ ಉದ್ದ, ವ್ಯಾಸ, ತೂಕ, ಲೋಹ, ಒಳಗಿನ ಮದ್ದಿನ ಶೇಷ ಹಾಗೂ ದೊರೆತ ಸ್ಥಾನ ದಾಖಲಾಗಬೇಕು. ಸಂಗ್ರಾಹಕನು ತುಕ್ಕು ಉಜ್ಜಿ ಹೊಳಪಿಸಿ ಕಪಾಟಿನಲ್ಲಿಟ್ಟ ಬಾಣವು ಪುಷ್ಪಿಕೆಯ ಗರಿಯನ್ನು ಕಿತ್ತುಹಾಕಿದ ಓಲೆಕಟ್ಟಿನಂತೆ: ನೋಡಲು ಚೆಂದವಿದ್ದೀತು, ಸಾಕ್ಷಿ ಹೇಳಲಾರದು.