ಸೇವೆಗೆ ಹೊರಟವರ ಮೊದಲ ಪಾಠ

ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳನ್ನು ಕೇಳದೆ ಶ್ರೀಮಠದ ಶಾಲೆಯಿಂದ ಹೊರಬಿದ್ದ ವಿದ್ಯಾರ್ಥಿ ಇರಲಾರನು. ರೋಣ, ನರಗುಂದ, ಗಜೇಂದ್ರಗಡಗಳ ಸುತ್ತಣ ಹಳ್ಳಿಗಳಿಂದ ಬುತ್ತಿಯ ಗಂಟು ಹಿಡಿದು ಬಂದ ಮಕ್ಕಳು ಇಂದು ಬೆಂಗಳೂರು, ಪುಣೆಗಳನ್ನು ದಾಟಿ ಕಡಲಾಚೆಯ ನಾಡುಗಳನ್ನೂ ಸೇರುತ್ತಿದ್ದಾರೆ. ಅವರಲ್ಲಿ ಹೆಚ್ಚಿನವರು ಉದ್ಯೋಗಕ್ಕಾಗಿ ಹೋಗುವವರು. ಆದರೆ ಧರ್ಮಶ್ರದ್ಧೆಯಿಂದ ಪ್ರೇರಿತನಾಗಿ ಪರದೇಶದಲ್ಲಿ ಒಂದೆರಡು ವರ್ಷ ಸೇವೆ ಮಾಡಬೇಕೆಂಬ ಹಂಬಲ ಅವರಲ್ಲೊಬ್ಬನಿಗೆ ಹುಟ್ಟಿದರೆ ಆಶ್ಚರ್ಯಪಡಬೇಕಾಗಿಲ್ಲ. ಅಂಥವನು ಪೆರು ಅಥವಾ ಮೆಕ್ಸಿಕೋ ದೇಶದ ಒಂದು ಊರನ್ನು ಸೇರಿದನೆನ್ನೋಣ. ಅಲ್ಲಿ ನಡೆಯುವುದು ಸ್ಪ್ಯಾನಿಷ್ ಭಾಷೆ. ಅವನು ಮೊಟ್ಟಮೊದಲು ಮಾಡಬೇಕಾದುದೇನು? ಕೊಡಲು ಹೋದವನು ಮೊದಲು ಕಲಿಯಲು ಕೂಡಬೇಕು. ಆ ಊರಿನ ಮಾತನ್ನು ಕಲಿಯುವುದೇ ಅವನ ಮೊದಲ ದಾಸೋಹ. ಇದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಒಂದು ಕಾಲಕ್ಕೆ ನಮ್ಮ ನಾಡೇ ಇಂಥ ಪರದೇಶಿಗಳ ಪಾಲಿಗೆ ಪಾಠಶಾಲೆಯಾಗಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದರು; ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ನಮ್ಮ ನೆರೆಯ ಬೆಟಗೇರಿಯಲ್ಲಿ ನೆಲೆ ಮಾಡಿಕೊಂಡರು. ಹೀಗೆ ಬಂದವರಲ್ಲಿ ಹೆರ್ಮನ್ ಮೋಗ್ಲಿಂಗ್ ಅವರು ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರತಂದರು. ಮುಂದೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಗ್ರಂಥಮಾಲೆಯಲ್ಲಿ ನಮ್ಮ ಬಸವಪುರಾಣ, ಚೆನ್ನಬಸವಪುರಾಣಗಳನ್ನು ಅಚ್ಚು ಮಾಡಿಸಿದವರೂ ಅವರೇ. ೧೮೫೩ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲ್ ಅವರು ಆಗ ಇಪ್ಪತ್ತೊಂದು ವರ್ಷದ ತರುಣರು. ಕನ್ನಡ ಕಲಿಕೆಗೆ ಅವರು ಕೊಡುತ್ತಿದ್ದ ಸಮಯ ಹೆಚ್ಚಾಯಿತೆಂಬ ಅಸಮಾಧಾನ ಅವರ ಸಂಸ್ಥೆಯೊಳಗೇ ಇತ್ತು. ಆದರೂ ಅವರು ಕೈಬಿಡಲಿಲ್ಲ. ೧೮೭೨ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ೧೮೭೫ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿ ಕೊಟ್ಟರು. ೧೮೭೭ರಲ್ಲಿ ಸ್ವದೇಶಕ್ಕೆ ಮರಳಿದವರು ನಿಘಂಟಿನ ಕೆಲಸಕ್ಕಾಗಿ ೧೮೮೩ರಲ್ಲಿ ಮತ್ತೆ ಈ ನೆಲಕ್ಕೆ ಬಂದರು. ಸುಮಾರು ೭೦,೦೦೦ ಪದಗಳ ಆ ಕನ್ನಡ-ಇಂಗ್ಲಿಷ್ ನಿಘಂಟು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಕವಿಗಳ ಪ್ರಯೋಗಗಳಿರುವಂತೆಯೇ ಜನರ ಗಾದೆಗಳೂ ಇವೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಅವರು ಬಂದದ್ದು ತಮ್ಮ ಮತವನ್ನು ಹರಡುವುದಕ್ಕೆ. ಶರಣಧರ್ಮದಲ್ಲಿ ನೆಲೆನಿಂತ ನಾವು ಆ ಉದ್ದೇಶವನ್ನು ಒಪ್ಪಬೇಕಾಗಿಲ್ಲ. ನಮ್ಮ ಹಿರಿಯರಲ್ಲಿ ಬಹುಮಂದಿ ಒಪ್ಪಲೂ ಇಲ್ಲ. ಆದರೆ ವಿಚಾರ ಮಾಡಿ ನೋಡಿರಿ: ಅವರು ಬೋಧಿಸಲು ಬಂದದ್ದನ್ನು ಈ ನಾಡು ಬಹುಮಟ್ಟಿಗೆ ಬದಿಗಿಟ್ಟಿತು, ಅವರು ಕಲಿತದ್ದನ್ನು ಮಾತ್ರ ಇಂದಿಗೂ ತಲೆಯ ಮೇಲೆ ಹೊತ್ತಿದೆ. ಪರನಾಡಿಗೆ ಸೇವೆಗೆಂದು ಹೋಗುವ ಯಾವ ಧರ್ಮದವರೇ ಆಗಲಿ, ಇದನ್ನು ಮನನ ಮಾಡಬೇಕು.

ಇನ್ನೊಂದು ಸಂಗತಿಯೂ ಉಂಟು. ಹೊರನಾಡಿನವರು ಹೀಗೆ ಕನ್ನಡ ಕಲಿಯುತ್ತಿದ್ದ ಕಾಲದಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಭಾಗದ ಶಾಲೆಗಳಲ್ಲಿ ಮರಾಠಿಯೇ ಮೆರೆದಿತ್ತು. ಕನ್ನಡದ ಮಕ್ಕಳಿಗೆ ಕನ್ನಡ ಶಾಲೆಗಳು ಬೇಕೆಂದು ಹೆಣಗಿದವರು ಧಾರವಾಡದ ಡೆಪ್ಯುಟಿ ಚೆನ್ನಬಸಪ್ಪನವರು. ಅವರ ಜೀವಿತ ೧೮೩೪ರಿಂದ ೧೮೮೧ರವರೆಗೆ. ಅವರು ಕಿಟ್ಟೆಲ್ಲರ ಸಮಕಾಲೀನರು, ವಯಸ್ಸಿನಲ್ಲಿ ಎರಡೇ ವರ್ಷ ಕಿರಿಯರು. ಒಬ್ಬರು ಹೊರಗಿನಿಂದ ಬಂದು ಕನ್ನಡವನ್ನು ಕಲಿತರು, ಇನ್ನೊಬ್ಬರು ಒಳಗಿದ್ದು ಕನ್ನಡವನ್ನು ಉಳಿಸಿದರು. ತನ್ನ ಮಾತಿನ ಬೆಲೆಯನ್ನು ಅರಿತವನಿಗೇ ಪರರ ಮಾತಿನ ಬೆಲೆ ತಿಳಿದೀತು.

ಭಾಷೆ ಕಲಿಯುವುದೆಂದರೆ ವ್ಯಾಕರಣವನ್ನು ಬಾಯಿಪಾಠ ಮಾಡುವುದಲ್ಲ. ನಮ್ಮ ಸೀಮೆಗೆ ಸೇವೆಗೆಂದು ಬಂದವನೊಬ್ಬನು ಪುಸ್ತಕದ ಕನ್ನಡದಲ್ಲಿ ‘ಮಣ್ಣು’ ಎಂದರೆ ನರಗುಂದದ ರೈತನು ತಲೆಯಾಡಿಸಿಯಾನು. ‘ನಿಮ್ಮದು ಎರಿ ಹೊಲವೋ ಮಸಾರಿಯೋ?’ ಎಂದು ಕೇಳಿದರೆ ಮಾತ್ರ ಕಂಬಳಿ ಹಾಸಿ ಕೂಡಿಸಿಯಾನು. ಮುಂಗಾರಿ, ಹಿಂಗಾರಿ, ರಂಟೆ, ಕುಂಟೆ, ಕೂರಿಗೆ ಇವು ಬರಿಯ ಶಬ್ದಗಳಲ್ಲ, ಒಂದು ಬಾಳಿನ ಬಾಗಿಲುಗಳು. ಇವನ್ನು ಕಲಿಸುವವರು ಹೊಲದಲ್ಲಿ ದುಡಿಯುವವರು, ಅಡಿಗೆಮನೆಯಲ್ಲಿರುವ ತಾಯಂದಿರು, ಬೀದಿಯಲ್ಲಿ ಆಡುವ ಮಕ್ಕಳು. ಅಂಥವರ ಮುಂದೆ ತಪ್ಪು ಮಾತಾಡಿ ನಗೆಗೀಡಾಗುವುದೂ ಒಂದು ಸಾಧನೆಯೇ. ‘ನಾನು ಕೊಡುವವನು’ ಎಂಬ ಅಹಂಕಾರವನ್ನು ಕರಗಿಸಲು ಅದಕ್ಕಿಂತ ಒಳ್ಳೆಯ ಮದ್ದು ನನಗೆ ತಿಳಿಯದು.

ಸ್ಪ್ಯಾನಿಷ್ ನಮಗೆ ತೀರ ಹೊರಗಿನದೆಂದು ಅಂಜಬೇಕಾಗಿಯೂ ಇಲ್ಲ. ‘ಅವನು ರೈತ’ ಎನ್ನುವಾಗ ನಾವು ಕ್ರಿಯಾಪದ ಬಳಸುವುದಿಲ್ಲ. ‘ಅವನು ಹೊಲದಲ್ಲಿ ಇದ್ದಾನೆ’ ಎನ್ನುವಾಗ ಬಳಸುತ್ತೇವೆ. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಒಂದೇ ಕ್ರಿಯಾಪದ. ಸ್ಪ್ಯಾನಿಷಿನಲ್ಲಾದರೋ ಮೊದಲನೆಯದಕ್ಕೆ ‘ಸೆರ್’, ಎರಡನೆಯದಕ್ಕೆ ‘ಎಸ್ತಾರ್’ ಎಂದು ಎರಡು ಬೇರೆ ಧಾತುಗಳು. ನೀನು-ನೀವು ಎಂಬ ಗೌರವಭೇದವೂ ಅಲ್ಲಿ ಉಂಟು. ಕನ್ನಡವನ್ನು ಚೆನ್ನಾಗಿ ಬಲ್ಲ ಹುಡುಗನಿಗೆ ಇಂಥ ಕಡೆ ಕನ್ನಡವೇ ಕೈದೀವಿಗೆಯಾದೀತು. ಕಥೆಗಳಲ್ಲಿಯೂ ನಂಟಿದೆ. ರೋಣದ ನೆರೆಯ ಸವಡಿಯವನೆಂದು ವಿದ್ವಾಂಸರು ಗುರುತಿಸುವ ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿ ಪಂಚತಂತ್ರವನ್ನು ಸಂಸ್ಕೃತದಿಂದ ಕನ್ನಡಕ್ಕೆ ತಂದನು. ಆ ಕಥಾವೃಕ್ಷದ ಇನ್ನೊಂದು ಕೊಂಬೆ ಪಹ್ಲವಿ, ಅರಬ್ಬೀ ಭಾಷೆಗಳ ಮೂಲಕ ಪಶ್ಚಿಮಕ್ಕೆ ಚಾಚಿ, ಹದಿಮೂರನೆಯ ಶತಮಾನದಲ್ಲಿ ಸ್ಪೇನಿನ ಭಾಷೆಯಲ್ಲಿ ‘ಕಲೀಲಾ ಎ ದಿಮ್ನಾ’ ಎಂಬ ಹೆಸರಿನಿಂದ ಹೂಬಿಟ್ಟಿತು. ನಮ್ಮ ಕರಟಕ-ದಮನಕರೇ ಅಲ್ಲಿಯ ಕಲೀಲಾ-ದಿಮ್ನಾ.

ಇಂಗ್ಲಿಷ್ ಒಂದಿದ್ದರೆ ಸಾಲದೆ ಎಂದು ಕೇಳುವವರಿದ್ದಾರೆ. ಕಚೇರಿಗೆ, ವಿಮಾನ ನಿಲ್ದಾಣಕ್ಕೆ ಸಾಕು. ಆದರೆ ರೋಗಿಯ ನೋವು, ತಾಯಿಯ ಚಿಂತೆ, ಬೆಳೆ ಹೋದ ರೈತನ ಸಂಕಟ ಇವು ಹೊರಬೀಳುವುದು ಅವರವರ ಮನೆಮಾತಿನಲ್ಲಿ. ಅದನ್ನು ಅರಿಯದ ಸೇವೆಯು ಹಸಿದವನನ್ನು ಕೇಳದೆಯೇ ಎಡೆ ಬಡಿಸಿದಂತೆ.

ಆದುದರಿಂದ ಈ ಸಂಪುಟದ ಓದುಗರಲ್ಲಿ ನನ್ನ ಬಿನ್ನಹವಿಷ್ಟು. ಶಿಕ್ಷಕ ಬಂಧುಗಳು ಭಾಷೆಯನ್ನು ಅಂಕಗಳಿಗಾಗಿ ಮಾತ್ರ ಕಲಿಸದೆ, ಮಕ್ಕಳು ಬಾಯಿ ಬಿಟ್ಟು ಮಾತನಾಡುವಂತೆ, ತಪ್ಪಿದರೆ ನಾಚದಂತೆ ಕಲಿಸಲಿ. ಹಿರಿಯರ ಬಳಿ ಕೂತು ಒಕ್ಕಲುತನದ, ನೇಕಾರಿಕೆಯ ಶಬ್ದಗಳನ್ನು ಬರೆದು ತರುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಲಿ. ಹೊರನಾಡಿನಲ್ಲಿರುವ ಹಳೆಯ ವಿದ್ಯಾರ್ಥಿಗಳು ತಾವು ಆ ನೆಲದ ಭಾಷೆ ಕಲಿತ ಬಗೆಯನ್ನು, ಪಟ್ಟ ಪಾಡನ್ನು ವರ್ಷಕ್ಕೊಮ್ಮೆಯಾದರೂ ಶಾಲೆಗೆ ಬರೆದು ತಿಳಿಸಲಿ. ಅದು ಯಾವ ದೇಣಿಗೆಗೂ ಕಡಿಮೆಯಲ್ಲ. ದಾನಿಗಳು ಕಟ್ಟಡಗಳನ್ನು ಕೊಟ್ಟಿದ್ದಾರೆ, ಅವರಿಗೆ ಶರಣು. ಇನ್ನು ಒಂದು ಕೋಣೆಯನ್ನು ಭಾಷೆಗಳಿಗಾಗಿ ಮೀಸಲಿಡಲು, ನಿಘಂಟುಗಳನ್ನೂ ಕಲಿಸುವವರನ್ನೂ ಒದಗಿಸಲು ಅವರು ಮನಸ್ಸು ಮಾಡಲಿ.

ಜಂಗಮವೆಂದರೆ ಚಲಿಸುವುದು. ಚಲಿಸುವವನು ಹೋದಲ್ಲೆಲ್ಲ ತನ್ನ ಮಾತನ್ನೇ ಹೇರಿದರೆ ಅವನು ನಿಂತಲ್ಲೇ ನಿಂತಂತೆ. ನಮ್ಮ ಶಾಲೆಯ ಮಕ್ಕಳು ಎಲ್ಲಿಗೇ ಹೋಗಲಿ, ಆ ಊರಿನವರ ಎದುರು ಕೈಮುಗಿದು ‘ನನಗೆ ನಿಮ್ಮ ಮಾತು ಕಲಿಸಿರಿ’ ಎಂದು ಕೇಳುವ ವಿನಯವನ್ನು ಈ ಅಂಗಳದಿಂದಲೇ ಒಯ್ಯಲಿ.